ಎಲ್ಡ್ರಿಜ್ ಆ ದಿನ ಎಲ್ಲಿತ್ತು? ಫಿಲಡೆಲ್ಫಿಯಾ ಪ್ರಯೋಗ ಎಂಬ ಪ್ರಕರಣ

ಹಡಗೊಂದು ಕಣ್ಣೆದುರೇ ಮಾಯವಾಯಿತು ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಒಂದೇ ಮಾತು. ಆ ದಿನ ಆ ಹಡಗು ಎಲ್ಲಿತ್ತು? ಯಾವ ಯಂತ್ರ, ಯಾರ ಸೂತ್ರ ಎಂಬುದೆಲ್ಲ ಆಮೇಲಿನ ವಿಚಾರ. ಫಿಲಡೆಲ್ಫಿಯಾ ಪ್ರಯೋಗದ ಕಥೆ ಹೇಳುವವರು ಯಂತ್ರದ ಬಗ್ಗೆ, ಐನ್‌ಸ್ಟೀನ್ ಬಗ್ಗೆ, ಹಸಿರು ಮಂಜಿನ ಬಗ್ಗೆ ಬೇಕಾದಷ್ಟು ಹೇಳುತ್ತಾರೆ. ಹಡಗಿನ ಬಗ್ಗೆ ಮಾತ್ರ ಎರಡು ಸಾಲಿಗಿಂತ ಜಾಸ್ತಿ ಹೇಳುವುದಿಲ್ಲ. ಈ ಪ್ರಕರಣದಲ್ಲಿ ನನಗೆ ತುಂಬಾ ಬೇಕಾದದ್ದು ಆ ಹಡಗು ಮತ್ತು ಅದರಲ್ಲಿದ್ದ ಹುಡುಗರು. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ಮೊದಲು ಕಥೆಯನ್ನು ಜನ ಹೇಳುವ ಹಾಗೆಯೇ ಹೇಳಿಬಿಡುತ್ತೇನೆ.

1943ರ ಅಕ್ಟೋಬರ್. ಎರಡನೇ ಮಹಾಯುದ್ಧ ಜೋರಾಗಿ ನಡೆಯುತ್ತಿದೆ. ಅಮೆರಿಕದ ಫಿಲಡೆಲ್ಫಿಯಾ ನೌಕಾ ಕಟ್ಟೆಯಲ್ಲಿ ಯು.ಎಸ್.ಎಸ್. ಎಲ್ಡ್ರಿಜ್ ಎಂಬ ಹಡಗು ನಿಂತಿದೆ. ಅದರ ಸುತ್ತ ದೊಡ್ಡ ದೊಡ್ಡ ಕಾಯಿಲ್‌ಗಳನ್ನು ಕಟ್ಟಿ ಕರೆಂಟು ಹರಿಸುತ್ತಾರೆ. ಹಸಿರು ಮಂಜು ಏಳುತ್ತದೆ. ಹಡಗು ಕಾಣದಾಗುತ್ತದೆ. ನೀರಿನಲ್ಲಿ ಅದರ ತಳದ ಅಚ್ಚು ಮಾತ್ರ ಉಳಿಯುತ್ತದೆ. ಅದೇ ಹೊತ್ತಿಗೆ 300 ಕಿಲೋಮೀಟರಿಗೂ ಜಾಸ್ತಿ ದೂರದ ನಾರ್ಫೋಕ್ ಬಂದರಿನಲ್ಲಿ ಆ ಹಡಗು ಕಾಣಿಸಿಕೊಂಡು, ಕೆಲವೇ ನಿಮಿಷಗಳಲ್ಲಿ ಮತ್ತೆ ಫಿಲಡೆಲ್ಫಿಯಾಗೆ ಬಂದುಬಿಡುತ್ತದೆ. ನಾವಿಕರಲ್ಲಿ ಕೆಲವರಿಗೆ ಹುಚ್ಚು ಹಿಡಿಯುತ್ತದೆ, ಕೆಲವರು ಹೊತ್ತಿ ಉರಿಯುತ್ತಾರೆ, ಇನ್ನು ಕೆಲವರ ಮೈ ಹಡಗಿನ ಉಕ್ಕಿನೊಳಗೇ ಸಿಕ್ಕಿಕೊಂಡಿರುತ್ತದೆ. ನೌಕಾಪಡೆ ಎಲ್ಲವನ್ನೂ ಮುಚ್ಚಿಹಾಕುತ್ತದೆ.

ಇದು ಎಲ್ಲಿಂದ ಬಂತು?

ಕಾಗದ ಬರೆದವನು

ಯುದ್ಧದ ಕಾಲದ ಪತ್ರಿಕೆಗಳಲ್ಲಿ ಹುಡುಕಿದರೆ ಈ ಕಥೆ ಸಿಗುವುದಿಲ್ಲ. ಯುದ್ಧ ಮುಗಿದು ಹತ್ತು ವರ್ಷ ಕಳೆದ ಮೇಲೆ, ಅಂಚೆಯಲ್ಲಿ ಬಂದ ಕೆಲವು ಕಾಗದಗಳಿಂದ ಇದು ಹುಟ್ಟಿತು.

ಮಾರಿಸ್ ಜೆಸಪ್ ಎಂಬುವರು ಖಗೋಳಶಾಸ್ತ್ರ ಓದಿದ್ದವರು. ಪಿಎಚ್‌ಡಿ ಅರ್ಧಕ್ಕೆ ನಿಂತಿತ್ತು. 1955ರಲ್ಲಿ ಹಾರುವ ತಟ್ಟೆಗಳ ಬಗ್ಗೆ ಒಂದು ಪುಸ್ತಕ ಬರೆದರು. ಅದನ್ನು ಓದಿದ ಒಬ್ಬಾತ ಅವರಿಗೆ ಉದ್ದುದ್ದ ಪತ್ರ ಬರೆಯತೊಡಗಿದ. ಕಾರ್ಲೋಸ್ ಮಿಗೆಲ್ ಅಯೆಂಡೆ ಅಂತ ಒಮ್ಮೆ, ಕಾರ್ಲ್ ಆಲನ್ ಅಂತ ಇನ್ನೊಮ್ಮೆ ಸಹಿ. ನಡುನಡುವೆ ದೊಡ್ಡಕ್ಷರಗಳು, ಮನಬಂದ ಕಾಗುಣಿತ, ಸಿಟ್ಟು, ಗುಟ್ಟು. 1943ರ ಅಕ್ಟೋಬರಿನಲ್ಲಿ ನೌಕಾಪಡೆ ಡಿಸ್ಟ್ರಾಯರ್ ಬಗೆಯ ಒಂದು ಯುದ್ಧದ ಹಡಗನ್ನು ಸಿಬ್ಬಂದಿ ಸಮೇತ ಪೂರ್ತಿ ಕಾಣದಂತೆ ಮಾಡಿತು, ಅದನ್ನು ಎಸ್.ಎಸ್. ಆಂಡ್ರೂ ಫ್ಯೂರುಸೆತ್ ಎಂಬ ಸರಕು ಹಡಗಿನ ಮೇಲಿಂದ ಕಣ್ಣಾರೆ ಕಂಡೆ ಎಂದು ಆತ ಬರೆದ. ಆ ಸಿಬ್ಬಂದಿಯಲ್ಲಿ ಅರ್ಧದಷ್ಟು ಜನಕ್ಕೆ ಹುಚ್ಚು ಹಿಡಿದಿದೆ ಎಂದ. ಇಬ್ಬರು 18 ದಿನ ಉರಿದರು ಎಂದ. ಒಬ್ಬ ಹೆಂಡತಿ ಮಗುವಿನ ಎದುರೇ ಗೋಡೆಯೊಳಗೆ ನಡೆದು ಹೋಗಿ ವಾಪಸು ಬರಲಿಲ್ಲ ಎಂದ.

ಇಷ್ಟೇ ಆಗಿದ್ದರೆ ಜೆಸಪ್ ಆ ಕಾಗದಗಳನ್ನು ಯಾವುದೋ ಡಬ್ಬದಲ್ಲಿಟ್ಟು ಮರೆತುಬಿಡುತ್ತಿದ್ದರೇನೋ. ಆದರೆ ಅಷ್ಟರಲ್ಲಿ ಇನ್ನೊಂದು ಕಡೆ ಇನ್ನೊಂದು ಲಕೋಟೆ ತಲುಪಿತ್ತು. ನೌಕಾಪಡೆಯ ಸಂಶೋಧನಾ ಕಚೇರಿಗೆ ಜೆಸಪ್ ಅವರದೇ ಪುಸ್ತಕದ ಒಂದು ಪ್ರತಿಯನ್ನು ಯಾರೋ ಕಳಿಸಿದ್ದರು. ಲಕೋಟೆಯ ಮೇಲೆ ಈಸ್ಟರ್ ಹಬ್ಬದ ಶುಭಾಶಯ. ಒಳಗೆ ಪುಟಪುಟದ ಅಂಚಿನಲ್ಲೂ ಕೈಬರಹ. ಮೂರು ಬಣ್ಣದ ಶಾಯಿ. ಬೇರೆ ಲೋಕದ ಮೂರು ಜನ ಪುಸ್ತಕ ಓದುತ್ತಾ ಒಬ್ಬರಿಗೊಬ್ಬರು ಮಾತಾಡಿಕೊಳ್ಳುತ್ತಿದ್ದಾರೆ ಅನ್ನುವಂತಹ ಟಿಪ್ಪಣಿಗಳು. ಅಧಿಕಾರಿಗಳು ಜೆಸಪ್ ಅವರನ್ನು ಕರೆಸಿ ತೋರಿಸಿದರು. ಅವರಿಗೆ ಆ ಕೈಬರಹ ಕೂಡಲೇ ಗುರುತು ಸಿಕ್ಕಿತು. ಅದು ತಮಗೆ ಕಾಗದ ಬರೆದವನದೇ ಬರಹ.

ಈಗ ನಡೆದದ್ದನ್ನು ಸ್ವಲ್ಪ ಗಮನವಿಟ್ಟು ನೋಡಿ. ಇಬ್ಬರು ಅಧಿಕಾರಿಗಳು ಸ್ವಂತ ಕುತೂಹಲದಿಂದ ಆ ಟಿಪ್ಪಣಿ ಸಮೇತ ಪುಸ್ತಕದ ಪ್ರತಿಗಳನ್ನು ಮಾಡಿಸಿದರು. ಟೆಕ್ಸಸ್‌ನ ಗಾರ್ಲೆಂಡ್‌ನಲ್ಲಿದ್ದ ವಾರೋ ಎಂಬ ಕಂಪನಿ ಅದನ್ನು ಟೈಪು ಮಾಡಿ ನೂರಕ್ಕೂ ಸ್ವಲ್ಪ ಜಾಸ್ತಿ ಪ್ರತಿ ತೆಗೆಯಿತು. ಸರಕಾರ ಈ ವಿಷಯ ತನಿಖೆ ಮಾಡುತ್ತಿದೆ, ಅಂದಮೇಲೆ ಏನೋ ಇದ್ದೇ ಇದೆ ಎಂಬ ಮಾತಿಗೆ ಆಧಾರ ಈ ಪ್ರತಿಗಳು. ಊರಿನಲ್ಲಿ ಯಾರದೋ ಮನೆ ಮುಂದೆ ಪೊಲೀಸ್ ಜೀಪು ನಿಂತರೆ ಸಾಕು, ಸಂಜೆಯೊಳಗೆ ಆ ಮನೆಯವರು ಕಳ್ಳರಾಗಿರುತ್ತಾರೆ ಅಲ್ವಾ? ಪೊಲೀಸರು ದಾರಿ ಕೇಳಲು ನಿಲ್ಲಿಸಿದ್ದರೂ ಅಷ್ಟೇ.

ಆಲನ್ ಯಾರು ಎಂಬುದು ತಿಳಿಯಲು 1980ರವರೆಗೆ ಕಾಯಬೇಕಾಯಿತು. ರಾಬರ್ಟ್ ಗೋರ್ಮನ್ ಎಂಬ ಬರಹಗಾರ ಪೆನ್ಸಿಲ್ವೇನಿಯಾದ ನ್ಯೂ ಕೆನ್ಸಿಂಗ್ಟನ್‌ನವರು. ಆಲನ್ ಪತ್ರಗಳಲ್ಲಿದ್ದ ವಿಳಾಸ ಕೂಡ ಆ ಊರಿನದೇ. ಹುಡುಕುತ್ತಾ ಹೋದಾಗ ಆತನ ಮನೆಯವರೇ ಸಿಕ್ಕಿದರು. ಹೆಸರು ಕಾರ್ಲ್ ಮೆರೆಡಿತ್ ಆಲನ್, ಹುಟ್ಟಿದ್ದು 1925ರಲ್ಲಿ. ತುಂಬಾ ಬುದ್ಧಿವಂತ ಹುಡುಗ, ಆದರೆ ಎಲ್ಲೂ ನೆಲೆ ನಿಲ್ಲದ ಅಲೆಮಾರಿ. ಸಿಕ್ಕಸಿಕ್ಕ ಪುಸ್ತಕ, ಕಾಗದಗಳ ಅಂಚಿನಲ್ಲೆಲ್ಲ ಟಿಪ್ಪಣಿ ಗೀಚಿ ಮನೆಗೆ ಕಳಿಸುವುದು ಅವನ ಅಭ್ಯಾಸ. 1969ರಲ್ಲಿ ಅರಿಜೋನಾದ ಟೂಸಾನ್‌ನಲ್ಲಿದ್ದ ಒಂದು ಹಾರುವ ತಟ್ಟೆ ಸಂಶೋಧನಾ ಸಂಘಕ್ಕೆ ತಾನೇ ಹೋಗಿ, ಆ ಟಿಪ್ಪಣಿಗಳೆಲ್ಲ ನಾನು ಕಟ್ಟಿದ ಸುಳ್ಳು ಎಂದು ಒಪ್ಪಿಕೊಂಡಿದ್ದ. ಆಮೇಲೆ ಒಪ್ಪಿಕೊಂಡದ್ದನ್ನೂ ಹಿಂತೆಗೆದುಕೊಂಡ. 1994ರಲ್ಲಿ ಕೊಲರಾಡೋದಲ್ಲಿ ತೀರಿಕೊಂಡ.

ನನಗೆ ಆಲನ್ ಮೇಲೆ ಕೋಪ ಬರುವುದಿಲ್ಲ. ಅವನು ಯುದ್ಧದ ಕಾಲದಲ್ಲಿ ಸರಕು ಹಡಗಿನಲ್ಲಿ ದುಡಿದದ್ದು ನಿಜ. ಫ್ಯೂರುಸೆತ್‌ನಲ್ಲಿ ಇದ್ದದ್ದೂ ನಿಜ. ಹದಿನೆಂಟರ ಹುಡುಗ, ಅಟ್ಲಾಂಟಿಕ್ ಸಮುದ್ರ, ಕೆಳಗೆ ಜರ್ಮನ್ ಸಬ್‌ಮರೀನು. ಆ ದಿನಗಳು ಅವನ ತಲೆಯಲ್ಲಿ ಏನೇನಾಗಿ ಉಳಿದವೋ. ಆದರೆ ಒಬ್ಬನ ಮಾತಿನ ಮೇಲೆ ಪೂರ್ತಿ ಕಥೆ ನಿಂತಿರುವಾಗ, ಆ ಮಾತನ್ನು ಅಳೆದು ನೋಡಲೇಬೇಕು. ಅಳೆಯಲು ನಮ್ಮ ಹತ್ತಿರ ಒಳ್ಳೆಯ ಕೋಲು ಇದೆ. ಹಡಗಿನ ದಿನಚರಿ.

ದಿನಚರಿ ಏನು ಹೇಳುತ್ತದೆ

ಯುದ್ಧನೌಕೆಯಲ್ಲಿ ಲಾಗ್ ಪುಸ್ತಕ ಬರೆಯುವುದನ್ನು ಬಿಡುವಂತಿಲ್ಲ. ಎಲ್ಲಿಂದ ಹೊರಟಿತು, ಎಲ್ಲಿಗೆ ಬಂತು, ಯಾರ ಜೊತೆ ಹೋಯಿತು ಎಲ್ಲವೂ ಅದರಲ್ಲಿ ಇರುತ್ತದೆ. ಎಲ್ಡ್ರಿಜ್‌ನ ದಿನಚರಿ ಮೈಕ್ರೋಫಿಲ್ಮ್‌ನಲ್ಲಿ ಉಳಿದಿದೆ. ಬೇಕಾದವರು ಪ್ರತಿ ತರಿಸಿಕೊಳ್ಳಬಹುದು.

ಎಲ್ಡ್ರಿಜ್ ಒಂದು ಡಿಸ್ಟ್ರಾಯರ್ ಎಸ್ಕಾರ್ಟ್. ಅಂದರೆ ಸರಕು ಹಡಗುಗಳ ಗುಂಪಿಗೆ ಬೆಂಗಾವಲಾಗಿ ಹೋಗುವ ಸಣ್ಣ ಯುದ್ಧನೌಕೆ. ನಂಬರ್ ಡಿಇ 173. ನ್ಯೂಜೆರ್ಸಿಯಲ್ಲಿ ಕಟ್ಟಿದ್ದು. 1943ರ ಜುಲೈ 25ರಂದು ನೀರಿಗಿಳಿಯಿತು. ಆಗಸ್ಟ್ 27ರಂದು ನ್ಯೂಯಾರ್ಕ್‌ನಲ್ಲಿ ನೌಕಾಪಡೆಗೆ ಸೇರಿತು. ಸೆಪ್ಟೆಂಬರ್ 18ರಿಂದ ಅಕ್ಟೋಬರ್ 15ರವರೆಗೆ ಬರ್ಮುಡಾ ದ್ವೀಪದ ಬಳಿ ಇತ್ತು. ಹೊಸ ಹಡಗನ್ನು ಓಡಿಸಿ ನೋಡಿ, ಸಿಬ್ಬಂದಿಯನ್ನು ಪಳಗಿಸುವ ಕೆಲಸ. ಅಕ್ಟೋಬರ್ 18ಕ್ಕೆ ನ್ಯೂಯಾರ್ಕ್. ನವೆಂಬರ್ 1ರವರೆಗೆ ನ್ಯೂಯಾರ್ಕ್ ಬಂದರಿನಲ್ಲೇ ಇತ್ತು. ನವೆಂಬರ್ 2ರಂದು ನಾರ್ಫೋಕ್ ಪಕ್ಕದ ಹ್ಯಾಂಪ್ಟನ್ ರೋಡ್ಸ್‌ಗೆ ಬಂತು. ಮಾರನೇ ದಿನವೇ ಒಂದು ಕಾನ್ವಾಯ್, ಅಂದರೆ ಹಡಗುಗಳ ಗುಂಪಿನ ಜೊತೆ ಮೊರಾಕ್ಕೋದ ಕಾಸಾಬ್ಲಾಂಕಾಗೆ ಹೊರಟಿತು. ನವೆಂಬರ್ 22ಕ್ಕೆ ಅಲ್ಲಿಗೆ ತಲುಪಿ, ಡಿಸೆಂಬರ್ 17ಕ್ಕೆ ನ್ಯೂಯಾರ್ಕ್‌ಗೆ ವಾಪಸು.

ಈ ತಾರೀಖುಗಳನ್ನು ಬೆರಳಲ್ಲಿ ಎಣಿಸಿಕೊಂಡು ಹೋಗಿ. ಫಿಲಡೆಲ್ಫಿಯಾ ಎಲ್ಲೂ ಬರುವುದೇ ಇಲ್ಲ.

ಇನ್ನು ನೋಡಿದವನಿದ್ದ ಹಡಗು. ಫ್ಯೂರುಸೆತ್ ಆಗಸ್ಟ್ 16ರಂದು ನಾರ್ಫೋಕ್ ಬಿಟ್ಟು ಕಾಸಾಬ್ಲಾಂಕಾಗೆ ಹೋಯಿತು. ಅಕ್ಟೋಬರ್ 4ಕ್ಕೆ ಅಮೆರಿಕದ ತೀರಕ್ಕೆ ಮರಳಿತು. ಅಕ್ಟೋಬರ್ 25ರಂದು ಮತ್ತೆ ನಾರ್ಫೋಕ್‌ನಿಂದ ಹೊರಟು ಆಲ್ಜೀರಿಯಾದ ಓರಾನ್ ಸೇರಿತು. ಎಲ್ಡ್ರಿಜ್ ನಾರ್ಫೋಕ್ ಕಡೆ ಬರುವ ಹೊತ್ತಿಗೆ ಫ್ಯೂರುಸೆತ್ ಹೊರಟು ಒಂದು ವಾರವೇ ಆಗಿತ್ತು. ಎರಡೂ ಹಡಗು ಒಂದೇ ಹೊತ್ತಿಗೆ ಆ ಬಂದರಿನಲ್ಲಿ ಇರಲೇ ಇಲ್ಲ. ಫ್ಯೂರುಸೆತ್‌ನ ಕ್ಯಾಪ್ಟನ್ ವಿಲಿಯಂ ಡಾಡ್ಜ್, ನಾನಾಗಲಿ ನನ್ನ ಸಿಬ್ಬಂದಿಯಾಗಲಿ ನಾರ್ಫೋಕ್‌ನಲ್ಲಿ ವಿಚಿತ್ರವಾದ ಏನನ್ನೂ ನೋಡಿಲ್ಲ ಎಂದು ಕಾಗದ ಬರೆದು ಖಚಿತವಾಗಿ ಹೇಳಿದ್ದಾರೆ.

ದಿನಚರಿಯನ್ನೇ ತಿದ್ದಿರಬಹುದಲ್ಲ ಎಂದು ಕೇಳುವವರಿದ್ದಾರೆ. ಕೇಳುವುದು ತಪ್ಪಲ್ಲ. ಆದರೆ ತಿದ್ದುವುದಾದರೆ ಒಂದು ಪುಸ್ತಕ ತಿದ್ದಿದರೆ ಸಾಲದು. ಬರ್ಮುಡಾ ಬಂದರಿನ ದಾಖಲೆ ತಿದ್ದಬೇಕು, ಕಾನ್ವಾಯ್‌ನ ಉಳಿದ ಹಡಗುಗಳ ದಿನಚರಿ ತಿದ್ದಬೇಕು, ಅವುಗಳ ಸಿಬ್ಬಂದಿ ಮನೆಗೆ ಬರೆದ ಕಾಗದ ತಿದ್ದಬೇಕು. ಫಿಲಡೆಲ್ಫಿಯಾ ಕಟ್ಟೆಯೇನು ಯಾರೂ ಸುಳಿಯದ ಮೂಲೆಯಲ್ಲ. ಯುದ್ಧ ಜೋರಾಗಿದ್ದಾಗ ಅಲ್ಲಿ ಸುಮಾರು 40,000 ಜನ ಕೆಲಸ ಮಾಡುತ್ತಿದ್ದರು. ಊಟದ ಡಬ್ಬಿ ಹಿಡಿದು ಬರುವ ವೆಲ್ಡರ್, ಫಿಟ್ಟರ್, ಬಡಗಿ, ಗುಮಾಸ್ತರು. ಅಷ್ಟು ಜನರ ನಡುವೆ ಒಂದು ಹಡಗು ಮಾಯವಾಗಿ ಬಂದಿದ್ದರೆ, ಹತ್ತು ವರ್ಷ ಯಾರೂ ಬಾಯಿ ಬಿಡದೆ, ಕೊನೆಗೆ ಬೇರೆ ಬಂದರಿನಲ್ಲಿದ್ದ ಒಬ್ಬನೇ ಒಬ್ಬ ಹೇಳಬೇಕಿತ್ತೇ?

ಬೆಂಕಿ ಇಲ್ಲದೆ ಹೊಗೆ ಆಡುತ್ತದೆಯೇ?

ಇಷ್ಟು ಹೇಳಿದ ಮೇಲೂ ಈ ಮಾತು ಬಂದೇ ಬರುತ್ತದೆ. ನಾನೂ ಅದನ್ನು ತಳ್ಳಿಹಾಕುವುದಿಲ್ಲ. ಹಡಗಿನ ಸುತ್ತ ಕೇಬಲ್ ಕಟ್ಟಿ ಕರೆಂಟು ಹರಿಸಿದ್ದು ನಿಜ. ಹಡಗು ಕಾಣದಾಗುವ ಹಾಗೆ ಮಾಡಿದ್ದೂ ಒಂದು ಅರ್ಥದಲ್ಲಿ ನಿಜ. ಕಾಣದಾದದ್ದು ಯಾರಿಗೆ ಎಂಬುದರಲ್ಲಿ ಇಡೀ ಗುಟ್ಟು ಇದೆ.

ನಾನು ಚಿಕ್ಕವನಿದ್ದಾಗ ಹಳೆಯ ಸ್ಪೀಕರಿನ ಮ್ಯಾಗ್ನೆಟ್ ಒಂದನ್ನು ಸುಮ್ನೆ ಆಟಕ್ಕೆ ಕಲರ್ ಟೀವಿಯ ಗಾಜಿಗೆ ಹಿಡಿದಿದ್ದೆ. ಅದು ದಪ್ಪ ಹಿಂಬದಿಯ ಹಳೆ ಕಾಲದ ಟೀವಿ. ಮ್ಯಾಗ್ನೆಟ್ ತೆಗೆದ ಮೇಲೂ ಆ ಮೂಲೆಯಲ್ಲಿ ನೇರಳೆ ಬಣ್ಣದ ಕಲೆ ಹಾಗೇ ಉಳಿಯಿತು. ವಾರ್ತೆ ಓದುವವರ ಅರ್ಧ ಮುಖ ನೇರಳೆ. ಮನೆಯಲ್ಲಿ ಬೈಸಿಕೊಂಡೆ. ರಿಪೇರಿಯವರು ಬಂದು ಬಳೆಯ ಆಕಾರದ ದೊಡ್ಡದೊಂದು ಕಾಯಿಲ್ ತೆಗೆದರು. ಮೇಲೆ ಕಪ್ಪು ಟೇಪು ಸುತ್ತಿತ್ತು. ಪ್ಲಗ್ಗಿಗೆ ಹಾಕಿ, ಗಾಜಿನ ಮುಂದೆ ದೇವರಿಗೆ ಆರತಿ ಎತ್ತುವ ಹಾಗೆ ಸುತ್ತ ಆಡಿಸಿದರು. ಪರದೆಯ ಬಣ್ಣಗಳೆಲ್ಲ ಅಲೆಅಲೆಯಾಗಿ ಕುಣಿದವು. ಹಾಗೇ ಆಡಿಸುತ್ತಾ ನಿಧಾನ ಹಿಂದೆ ಹಿಂದೆ ನಡೆದು, ಬಾಗಿಲ ಹತ್ತಿರ ಬಂದ ಮೇಲೆ ಸ್ವಿಚ್ ಆಫ್ ಮಾಡಿದರು. ಕಲೆ ಹೋಗಿತ್ತು. ಇದಕ್ಕೆ ಡಿಗಾಸಿಂಗ್ ಅಂತಾರೆ ಮರಿ ಅಂದರು. ಅದೇ ಪದ ಮುಂದೆ ಯುದ್ಧದ ಹಡಗಿನ ವಿಚಾರದಲ್ಲಿ ಸಿಕ್ಕಾಗ ನನಗಾದ ಖುಷಿ ಈಗಲೂ ನೆನಪಿದೆ.

ಹಡಗು ಉಕ್ಕಿನದು. ಭೂಮಿಯೇ ಒಂದು ದೊಡ್ಡ ಮ್ಯಾಗ್ನೆಟ್. ಕಟ್ಟೆಯ ಮೇಲೆ ತಿಂಗಳುಗಟ್ಟಲೆ ಒಂದೇ ದಿಕ್ಕಿಗೆ ಮಲಗಿ, ಸುತ್ತಿಗೆ ಏಟು ತಿಂದು, ವೆಲ್ಡಿಂಗ್ ಕಾವಿಗೆ ಸಿಕ್ಕಿ ಹಡಗೂ ಒಂದು ಮ್ಯಾಗ್ನೆಟ್ ಆಗಿಬಿಡುತ್ತದೆ. ಜರ್ಮನರು ಯುದ್ಧದ ಶುರುವಿನಲ್ಲೇ ಇದನ್ನು ಬಳಸಿಕೊಂಡರು. ಅವರ ಹೊಸ ಮೈನು, ಅಂದರೆ ನೀರಿನಡಿ ಇಡುವ ಬಾಂಬು, ಸಮುದ್ರದ ತಳದಲ್ಲಿ ಸದ್ದಿಲ್ಲದೆ ಮಲಗಿರುತ್ತಿತ್ತು. ಹಡಗು ಅದಕ್ಕೆ ತಾಗಬೇಕಾಗಿರಲಿಲ್ಲ. ಮೇಲೆ ಹಾದುಹೋದರೆ ಸಾಕು, ಹಡಗಿನ ಮ್ಯಾಗ್ನೆಟ್ ಬಲಕ್ಕೆ ಒಳಗಿನ ಮುಳ್ಳು ಅಲ್ಲಾಡಿ ಸಿಡಿಯುತ್ತಿತ್ತು. ಲಂಡನ್ನಿನ ಥೇಮ್ಸ್ ನದಿಯಲ್ಲಿ ಈಗ ಮ್ಯೂಸಿಯಂ ಆಗಿ ನಿಂತಿರುವ ಎಚ್.ಎಂ.ಎಸ್. ಬೆಲ್‌ಫಾಸ್ಟ್ 1939ರ ನವೆಂಬರ್ 21ರಂದು ಇಂಥ ಮೈನಿಗೆ ಸಿಕ್ಕಿ ಬೆನ್ನು ಮುರಿದುಕೊಂಡಿತು. ಮತ್ತೆ ಸಮುದ್ರಕ್ಕಿಳಿಯಲು ಮೂರು ವರ್ಷ ಹಿಡಿಯಿತು.

ಮಾರನೇ ರಾತ್ರಿ ಬ್ರಿಟಿಷರಿಗೆ ಅದೃಷ್ಟ ಒಲಿಯಿತು. ಜರ್ಮನ್ ವಿಮಾನವೊಂದು ಮೈನುಗಳನ್ನು ಸಮುದ್ರಕ್ಕೆ ಹಾಕುವ ಬದಲು ಷೂಬರಿನೆಸ್ ಎಂಬಲ್ಲಿ ಕೆಸರಿನ ದಂಡೆಗೆ ಬೀಳಿಸಿತು. ಇಳಿತದ ಹೊತ್ತಿಗೆ ನೀರು ಹಿಂದೆ ಸರಿದು ಮೈನು ಬಯಲಿಗೆ ಬಂತು. ಅದನ್ನು ಬಿಚ್ಚಲು ಜಾನ್ ಔವ್ರಿ ಎಂಬ ಅಧಿಕಾರಿ ಬಂದರು. ಕಬ್ಬಿಣದ ಸ್ಪ್ಯಾನರ್ ಹತ್ತಿರ ತಂದರೆ ಮೈನು ಎಚ್ಚರವಾಗಬಹುದು. ಅದಕ್ಕೆಂದೇ ಹಿತ್ತಾಳೆಯ ಸಲಕರಣೆ ಮಾಡಿಸಿದರು. ಔವ್ರಿ ಮತ್ತು ಅವರ ಜೊತೆಗಾರ ಬಾಲ್ಡ್ವಿನ್ ಮೈನಿನ ಪಕ್ಕ ಕೂತರು. ಇನ್ನಿಬ್ಬರು ದೂರದಲ್ಲಿ ನಿಂತರು. ಮುಂದೆ ಏನು ಮಾಡುತ್ತೇನೆ ಎಂದು ಔವ್ರಿ ಮೊದಲೇ ತಿಳಿಸಿ ಆಮೇಲೆ ಕೈ ಹಾಕುತ್ತಿದ್ದರು. ಸಿಡಿದು ಸತ್ತರೆ, ಯಾವ ಬೋಲ್ಟ್ ಬಿಚ್ಚುವಾಗ ಸತ್ತರು ಎಂಬುದಾದರೂ ಉಳಿದವರಿಗೆ ಗೊತ್ತಿರಲಿ ಅಂತ. 1939ರ ನವೆಂಬರ್ 23ರ ಆ ಮಧ್ಯಾಹ್ನದ ಹೊತ್ತಿಗೆ ಮೈನು ತೆಪ್ಪಗಾಯಿತು. ಗುಟ್ಟು ರಟ್ಟಾಯಿತು.

ಮುಂದಿನ ಕೆಲಸ ವಿಜ್ಞಾನಿ ಚಾರ್ಲ್ಸ್ ಗುಡೀವ್ ಮತ್ತು ಅವರ ಜೊತೆಗಾರರದು. ಹಡಗಿನ ಸುತ್ತ ಕೇಬಲ್ ಹಾಯಿಸಿ, ಹಡಗಿನ ಮ್ಯಾಗ್ನೆಟ್ ಬಲಕ್ಕೆ ಎದುರಾಗಿ ಅಷ್ಟೇ ಬಲ ಬರುವ ಹಾಗೆ ಕರೆಂಟು ಹರಿಸುವುದು. ಎರಡೂ ಒಂದನ್ನೊಂದು ಹೊಡೆದುಹಾಕುತ್ತವೆ. ಕೆಳಗಿನ ಮೈನಿನ ಮುಳ್ಳಿಗೆ ಮೇಲೆ ಹಡಗು ಹೋದದ್ದೇ ಗೊತ್ತಾಗುವುದಿಲ್ಲ. ಮ್ಯಾಗ್ನೆಟ್ ಬಲವನ್ನು ಅಳೆಯುವ ಅಳತೆಯ ಹೆಸರು ಗಾಸ್. ಅದನ್ನು ಕಳೆಯುವುದಕ್ಕೆ ಡಿಗಾಸಿಂಗ್ ಎಂದರು. ಪೂರ್ತಿ ಕಾಯಿಲ್ ಕೂರಿಸಲು ಪುರಸೊತ್ತಿಲ್ಲದ ಸಣ್ಣ ಹಡಗುಗಳಿಗೆ ಇನ್ನೊಂದು ದಾರಿ ಇತ್ತು. ದಪ್ಪ ಕೇಬಲ್ಲಿನಲ್ಲಿ ಭಾರೀ ಕರೆಂಟು ಹರಿಸುತ್ತಾ ಅದನ್ನು ಹಡಗಿನ ಮೈಗೆ ಉಜ್ಜಿಕೊಂಡು ಮೇಲೆಳೆಯುವುದು. ಅದಕ್ಕೆ ಒರೆಸುವುದು ಎಂದೇ ಕರೆಯುತ್ತಿದ್ದರು. 1940ರಲ್ಲಿ ಫ್ರಾನ್ಸಿನ ಡನ್‌ಕರ್ಕ್‌ನಿಂದ ಸೈನಿಕರನ್ನು ಕರೆತರುವಾಗ ನಾಲ್ಕೇ ದಿನದಲ್ಲಿ ಸುಮಾರು 400 ಹಡಗುಗಳನ್ನು ಹೀಗೆ ಒರೆಸಿದರು. ಸಾವಿರಾರು ಜೀವ ಉಳಿಸಿದ ಕೆಲಸ ಇದು. ಇದನ್ನು ಓದುವಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಅಮೆರಿಕದವರೂ ಇದನ್ನೇ ಕಲಿತರು. ಫಿಲಡೆಲ್ಫಿಯಾ ಕಟ್ಟೆಯಲ್ಲಿ ಹಡಗುಗಳಿಗೆ ಕೇಬಲ್ ಹಾಕುವುದು ದಿನನಿತ್ಯದ ಕೆಲಸ. ಗುಟ್ಟಿನ ಕೆಲಸವೂ ಹೌದು, ಏಕೆಂದರೆ ಶತ್ರುವಿಗೆ ತಿಳಿಯಬಾರದು. ಈಗ ಹದಿನೆಂಟು ಇಪ್ಪತ್ತರ ನಾವಿಕರು ಒಬ್ಬರಿಗೊಬ್ಬರು ಏನೆಂದು ಹೇಳಿಕೊಳ್ಳುತ್ತಿದ್ದರು, ಯೋಚಿಸಿ. ನಮ್ಮ ಹಡಗಿಗೆ ಕೇಬಲ್ ಕಟ್ಟಿ ಕರೆಂಟು ಬಿಟ್ಟರು, ಇನ್ನು ಮೇಲೆ ನಾವು ಕಾಣಿಸುವುದಿಲ್ಲ ಕಣೋ. ಮೈನಿಗೆ ಎಂಬ ಒಂದು ಪದ ದಾರಿಯಲ್ಲಿ ಎಲ್ಲೋ ಉದುರಿತು ಅಂದುಕೊಳ್ಳಿ. ಇಲಿ ಹೋಯಿತು ಅಂದರೆ ಹುಲಿ ಹೋಯಿತು ಅಂದ ಹಾಗೆ. ನೌಕಾಪಡೆ ಈ ಕಥೆಯ ಬಗ್ಗೆ ಕೇಳಿದವರಿಗೆಲ್ಲ ಕೊಡುವ ಸಿದ್ಧ ಉತ್ತರದಲ್ಲೂ ಇದೇ ಊಹೆ ಇದೆ. ನನಗೂ ಇದೇ ಸರಿ ಅನ್ನಿಸುತ್ತದೆ.

ಹೆಂಡದಂಗಡಿಯ ಹಿಂಬಾಗಿಲು

ಈ ಊಹೆಗೆ ಬಲ ಕೊಡುವ ಒಬ್ಬರು 1990ರ ದಶಕದಲ್ಲಿ ಸಿಕ್ಕಿದರು. ಹೆಸರು ಎಡ್ವರ್ಡ್ ಡಜನ್. 1943ರಲ್ಲಿ ಯು.ಎಸ್.ಎಸ್. ಎಂಗ್‌ಸ್ಟ್ರಾಮ್ ಎಂಬ ಇನ್ನೊಂದು ಬೆಂಗಾವಲು ಹಡಗಿನಲ್ಲಿ ಎಲೆಕ್ಟ್ರಿಷಿಯನ್. ಫ್ರೆಂಚ್ ಮೂಲದ ಸಂಶೋಧಕ ಜಾಕ್ ವಾಲೆ ಈ ಡಜನ್ ಜೊತೆ ಮಾತಾಡಿ 1994ರಲ್ಲಿ ಅದನ್ನು ಪ್ರಕಟಿಸಿದರು. ಡಜನ್ ಹೇಳಿದ ತಾರೀಖುಗಳು ಎಲ್ಡ್ರಿಜ್‌ನ ದಿನಚರಿಗೆ ಪೂರ್ತಿ ಹೊಂದುವುದಿಲ್ಲ. ಐವತ್ತು ವರ್ಷದ ಹಿಂದಿನ ನೆನಪು. ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಕೇಳಬೇಕು. ಆದರೆ ಅವರು ಹೇಳಿದ ಎರಡು ಸಂಗತಿ ಕಥೆಯ ಎರಡು ಗಂಟುಗಳನ್ನು ಬಿಚ್ಚುತ್ತವೆ.

ಮೊದಲನೆಯದು, ನಾವಿಕರು ಬಾರ್ ಒಂದರಲ್ಲಿ ಇದ್ದಕ್ಕಿದ್ದಂತೆ ಮಾಯವಾದರು ಎಂಬ ಭಾಗ. ಆ ಬಾರಿನಲ್ಲಿ ನಾನೂ ಇದ್ದೆ ಎಂದರು ಡಜನ್. ಕುಡಿದು ಜಗಳ ಶುರುವಾಯಿತು. ಗುಟ್ಟಿನ ಸಲಕರಣೆ ಬಗ್ಗೆ ಕೆಲವರು ಬಡಾಯಿ ಕೊಚ್ಚುತ್ತಿದ್ದರು. ಅಲ್ಲಿದ್ದ ಕೆಲವು ಹುಡುಗರಿಗೆ, ಡಜನ್‌ಗೂ ಸೇರಿ, ಕುಡಿಯುವ ವಯಸ್ಸಾಗಿರಲಿಲ್ಲ. ಗಲಾಟೆ ಶುರುವಾದ ಕೂಡಲೇ ಬಡಿಸುವ ಹೆಂಗಸರು ಅವರನ್ನು ಹಿಂಬಾಗಿಲಿನಿಂದ ಸಾಗಹಾಕಿದರು. ಆಮೇಲೆ ಕೇಳಿದವರಿಗೆ, ಅಂಥವರು ಯಾರೂ ಇಲ್ಲಿ ಇರಲೇ ಇಲ್ಲವಲ್ಲ ಅಂದುಬಿಟ್ಟರು. ಮಾಯ ಅಂದರೆ ಅಷ್ಟೇ. ಹಿಂಬಾಗಿಲಿನ ಒಂದು ತಾಯಿಕರುಳು ಅನ್ನಿಸುತ್ತದೆ ನನಗೆ.

ಎರಡನೆಯದು, ನಾರ್ಫೋಕ್‌ಗೆ ಹೋಗಿ ಬಂದದ್ದು. ಫಿಲಡೆಲ್ಫಿಯಾ ಇರುವುದು ಡೆಲವೇರ್ ನದಿಯ ಮೇಲೆ. ಸರಕು ಹಡಗುಗಳು ನದಿಯಿಂದ ಸಮುದ್ರಕ್ಕೆ ಇಳಿದು, ಸುತ್ತು ಹಾಕಿ ನಾರ್ಫೋಕ್ ಸೇರಲು ಎರಡು ದಿನ ಹಿಡಿಯುತ್ತಿತ್ತು. ಆದರೆ ಆ ನದಿಗೂ ಚೆಸಪೀಕ್ ಕೊಲ್ಲಿಗೂ ನಡುವೆ ಒಂದು ಕಾಲುವೆ ಇದೆ. ಯುದ್ಧದ ಕಾಲದಲ್ಲಿ ನೌಕಾಪಡೆಯ ಹಡಗುಗಳಿಗೆ ಆ ಒಳದಾರಿ ಸಿಗುತ್ತಿತ್ತು. ಡಜನ್ ಲೆಕ್ಕದಲ್ಲಿ ಆರೇ ಗಂಟೆಯ ಹಾದಿ. ರಾತ್ರಿ ಫಿಲಡೆಲ್ಫಿಯಾದಲ್ಲಿ ಕಂಡ ಹಡಗು ಬೆಳಿಗ್ಗೆ ನಾರ್ಫೋಕ್‌ನಲ್ಲಿ ಕಂಡರೆ, ಕಾಲುವೆಯ ವಿಷಯ ಗೊತ್ತಿಲ್ಲದ ಸರಕು ಹಡಗಿನ ಹುಡುಗ ಬೆರಗಾಗುವುದರಲ್ಲಿ ಏನು ತಪ್ಪಿದೆ? ಘಟ್ಟ ಹತ್ತಿ ಸುತ್ತಿ ಬರುವವರಿಗೆ ಕಾಲುದಾರಿಯಲ್ಲಿ ಬಂದವನು ಮೊದಲೇ ಮನೆಯಲ್ಲಿ ಕೂತಿದ್ದರೆ ಆಶ್ಚರ್ಯ ಆಗುವುದಿಲ್ಲವೇ, ಹಾಗೆ.

ಐನ್‌ಸ್ಟೀನ್ ಹೆಸರು

ಐನ್‌ಸ್ಟೀನ್ 1943ರಲ್ಲಿ ನೌಕಾಪಡೆಗೆ ಕೆಲಸ ಮಾಡಿದ್ದು ನಿಜ. 1943ರ ಮೇ 31ರಿಂದ 1944ರ ಜೂನ್ 30ರವರೆಗೆ ಅರೆಕಾಲಿಕ ಸಲಹೆಗಾರ. ವಿಷಯ ಮಾತ್ರ ಸ್ಫೋಟಕಗಳದು. ದಿನಕ್ಕೆ 25 ಡಾಲರ್ ಸಂಬಳ. ಬೆಳಕನ್ನು ಬಗ್ಗಿಸಿ ಹಡಗು ಮುಚ್ಚುವ ಯಾವ ಸೂತ್ರವೂ ಅವರ ಹತ್ತಿರ ಇರಲಿಲ್ಲ. ಗುರುತ್ವವನ್ನೂ ವಿದ್ಯುತ್ತು ಮ್ಯಾಗ್ನೆಟ್‌ಗಳನ್ನೂ ಒಂದೇ ಸಿದ್ಧಾಂತದೊಳಗೆ ತರಬೇಕೆಂದು ಅವರು ಹೆಣಗಿದ್ದು ಹೌದು. 1955ರಲ್ಲಿ ತೀರಿಕೊಳ್ಳುವವರೆಗೂ ಅದು ಕೈಗೂಡಲಿಲ್ಲ. ಬೆಳಕು ಬಾಗುವುದು ಎಷ್ಟು ಕಷ್ಟ ಎಂಬುದಕ್ಕೆ ಅವರದೇ ಲೆಕ್ಕ ಸಾಕ್ಷಿ. ಇಡೀ ಸೂರ್ಯನ ತೂಕ ಸೇರಿ, ಪಕ್ಕದಲ್ಲಿ ಹಾದುಹೋಗುವ ನಕ್ಷತ್ರದ ಬೆಳಕನ್ನು ಬಾಗಿಸುವುದು 1.75 ಆರ್ಕ್ ಸೆಕೆಂಡ್. ಅಂದರೆ ಒಂದು ಡಿಗ್ರಿಯ ಎರಡು ಸಾವಿರದಲ್ಲಿ ಒಂದು ಪಾಲು. 1919ರ ಗ್ರಹಣದಲ್ಲಿ ಅಳೆದು ನೋಡಿದ್ದು ಇದನ್ನೇ. ಹಡಗಿನ ಜನರೇಟರಿನಿಂದ ಆಗುವ ಕೆಲಸ ಅಲ್ಲ.

ಪ್ರಾಜೆಕ್ಟ್ ರೇನ್‌ಬೋ ಎಂಬ ಹೆಸರೂ ಇದಕ್ಕೆ ಅಂಟಿಕೊಂಡಿದೆ. ರೇನ್‌ಬೋ ಎಂದು ಅಮೆರಿಕದ ಸೇನೆ ಕರೆದದ್ದು ಜರ್ಮನಿ, ಇಟಲಿ, ಜಪಾನ್ ವಿರುದ್ಧ ಮಾಡಿಟ್ಟ ಯುದ್ಧದ ಯೋಜನೆಗಳನ್ನು. ಗುಟ್ಟಿನ ಪ್ರಯೋಗ ಮಾಡಿದ್ದು ಎನ್ನಲಾದ ನೌಕಾ ಸಂಶೋಧನಾ ಕಚೇರಿ ಹುಟ್ಟಿದ್ದೇ 1946ರಲ್ಲಿ.

ಕಣ್ಣಿಗೆ ಕಾಣದಂತೆ ಮಾಡುವ ನಿಜವಾದ ಪ್ರಯೋಗಗಳೂ ಆ ಯುದ್ಧದಲ್ಲಿ ನಡೆದವು. ಇದನ್ನು ಹೇಳದೆ ಬಿಟ್ಟರೆ ಅನ್ಯಾಯ. ಕೆನಡಾದ ಮಗಿಲ್ ವಿಶ್ವವಿದ್ಯಾಲಯದ ಪ್ರೊಫೆಸರ್ ಎಡ್ಮಂಡ್ ಬರ್ ಒಂದು ರಾತ್ರಿ ಹಿಮ ಮುಚ್ಚಿದ ನೆಲದ ಮೇಲೆ ಇಳಿಯುತ್ತಿದ್ದ ವಿಮಾನ ಇದ್ದಕ್ಕಿದ್ದಂತೆ ಕಣ್ಮರೆಯಾದದ್ದನ್ನು ಕಂಡರು. ಹಿಮದಿಂದ ಮೇಲೆದ್ದ ಬೆಳಕು ವಿಮಾನದ ಕಪ್ಪು ತಳವನ್ನು ಆಕಾಶದಷ್ಟೇ ಬೆಳಗಿಸಿತ್ತು. ಅಲ್ಲಿಂದ ಅವರಿಗೆ ಹೊಳೆಯಿತು. ರಾತ್ರಿ ಹಡಗು ಕಾಣುವುದು ಅದು ಆಕಾಶಕ್ಕಿಂತ ಕಪ್ಪಾಗಿರುವುದರಿಂದ. ಹಡಗಿನ ಪಕ್ಕಕ್ಕೆ ಮಂದ ದೀಪ ಹಾಕಿ ಆಕಾಶದ ಬಣ್ಣಕ್ಕೆ ತಂದರೆ? 1941ರಿಂದ ಕೆನಡಾ ನೌಕಾಪಡೆ ಅದನ್ನು ಹಡಗುಗಳ ಮೇಲೆ ಪರೀಕ್ಷೆ ಮಾಡಿತು. ಅಮೆರಿಕದವರು 1943ರಿಂದ ಇದೇ ಉಪಾಯವನ್ನು ಹಗಲಿನಲ್ಲಿ ವಿಮಾನದ ಮೇಲೆ ಮಾಡಿ ನೋಡಿದರು. ಅವೆಂಜರ್ ವಿಮಾನದ ರೆಕ್ಕೆಯ ಮುಂಭಾಗಕ್ಕೆ ದೀಪದ ಸಾಲು. ದೀಪ ಇಲ್ಲದಾಗ 12 ಮೈಲಿ ದೂರಕ್ಕೇ ಕಾಣುತ್ತಿದ್ದ ವಿಮಾನ, ದೀಪ ಹಚ್ಚಿದರೆ 2 ಮೈಲಿ ಹತ್ತಿರ ಬರುವವರೆಗೆ ಕಾಣುತ್ತಿರಲಿಲ್ಲ. ಬಚ್ಚಿಡಲು ದೀಪ ಹಚ್ಚುವುದು! ಎಷ್ಟು ಚೆಂದದ ಯೋಚನೆ ಅಲ್ವಾ? ಇದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ ಎಂಬುದು ನನ್ನ ನೋವು.

ಆಮೇಲೆ ಏನಾಯಿತು

ಜೆಸಪ್ ಅವರ ವಿಷಯ ಹೇಳುವಾಗ ಮನಸ್ಸು ಭಾರವಾಗುತ್ತದೆ. ಮುಂದಿನ ಪುಸ್ತಕಗಳು ನಡೆಯಲಿಲ್ಲ. ಸಂಸಾರ ಒಡೆಯಿತು. ರಸ್ತೆ ಅಪಘಾತವಾಗಿ ಪೆಟ್ಟಾಯಿತು. 1959ರ ಏಪ್ರಿಲ್ 20ರಂದು ಫ್ಲಾರಿಡಾದಲ್ಲಿ ತಮ್ಮ ಕಾರಿನೊಳಗೆ ಸಾವಿಗೀಡಾದರು. ಅದು ಆತ್ಮಹತ್ಯೆ ಎಂದು ಅಧಿಕಾರಿಗಳು ತೀರ್ಮಾನಿಸಿದರು. ಅವರ ಸಾವನ್ನೂ ಕಥೆ ಹೇಳುವವರು ಬಿಡಲಿಲ್ಲ. ಗುಟ್ಟು ಗೊತ್ತಿದ್ದಕ್ಕೆ ಕೊಂದರು ಎಂದರು. ದುಃಖದಲ್ಲಿದ್ದ ಒಬ್ಬ ಮನುಷ್ಯನ ಸಾವನ್ನು ಹೀಗೆ ಕಥೆಯ ಮಸಾಲೆ ಮಾಡುವುದು ನನಗೆ ಸರಿ ಕಾಣುವುದಿಲ್ಲ.

1979ರಲ್ಲಿ ಈ ಕಥೆಯ ಮೇಲೆ ಒಂದು ಜನಪ್ರಿಯ ಪುಸ್ತಕ ಬಂತು, 1984ರಲ್ಲಿ ಸಿನಿಮಾ. ಸಿನಿಮಾ ಬಂದು ಕೆಲವು ವರ್ಷ ಕಳೆದ ಮೇಲೆ ಒಬ್ಬರು ಎದ್ದು, ನಾನೇ ಆ ಹಡಗಿನಲ್ಲಿದ್ದೆ, ಕಾಲವನ್ನು ದಾಟಿ ಬಂದೆ ಎಂದರು. ಆಲನ್‌ನ ಕಾಗದದಲ್ಲಿ ಇಲ್ಲದ ಕಾಲಪ್ರಯಾಣ ಹೀಗೆ ಸೇರಿಕೊಂಡಿತು. ಡಿಸ್ಟ್ರಾಯರ್ ಬಗೆಯ ಹಡಗು ಎಂದಷ್ಟೇ ಇದ್ದದ್ದಕ್ಕೆ ಹೆಸರು ನಂಬರು ಬಂದದ್ದೂ ಮೊದಲ ಕಾಗದಗಳ ನಂತರವೇ.

ನಿಜವಾದ ಎಲ್ಡ್ರಿಜ್ ಮಾಡಿದ ಕೆಲಸ ಬೇರೆ. 1944ರ ಜನವರಿಯಿಂದ 1945ರ ಮೇವರೆಗೆ ಒಂಬತ್ತು ಸಲ ಸರಕು ಹಡಗುಗಳ ಗುಂಪನ್ನು ಅಟ್ಲಾಂಟಿಕ್ ದಾಟಿಸಿ ಕಾಸಾಬ್ಲಾಂಕಾ, ಬಿಜೆರ್ಟ್, ಓರಾನ್ ಬಂದರುಗಳಿಗೆ ಸುರಕ್ಷಿತವಾಗಿ ಮುಟ್ಟಿಸಿತು. ಆಮೇಲೆ ಪೆಸಿಫಿಕ್‌ಗೆ, ಓಕಿನಾವಾ ಕಡೆಗೆ ಹೋಯಿತು. 1946ರಲ್ಲಿ ಸೇವೆಯಿಂದ ನಿಂತಿತು. 1951ರ ಜನವರಿಯಲ್ಲಿ ಗ್ರೀಸ್ ದೇಶಕ್ಕೆ ಕೊಟ್ಟರು. ಅಲ್ಲಿ ಲಿಯೋನ್ ಎಂಬ ಹೆಸರಲ್ಲಿ ನಲವತ್ತು ವರ್ಷಕ್ಕೂ ಜಾಸ್ತಿ ದುಡಿಯಿತು. ಉಕ್ಕಿನೊಳಗೆ ಮನುಷ್ಯರು ಸಿಕ್ಕಿಕೊಂಡಿದ್ದರು ಎನ್ನುವ ಅದೇ ಡೆಕ್ಕಿನ ಮೇಲೆ ಗ್ರೀಕ್ ನಾವಿಕರು ಉಂಡು ಮಲಗಿ ಕಾವಲು ಕಾದರು.

1999ರಲ್ಲಿ ಎಲ್ಡ್ರಿಜ್‌ನ ಹಳೆಯ ಸಿಬ್ಬಂದಿ ಅಟ್ಲಾಂಟಿಕ್ ಸಿಟಿಯಲ್ಲಿ ಸೇರಿದರು. ಎಲ್ಲರಿಗೂ ಎಪ್ಪತ್ತು ದಾಟಿತ್ತು. ಫಿಲಡೆಲ್ಫಿಯಾದ ಪತ್ರಿಕೆಯವರು ಬಂದು ಅದೇ ಪ್ರಶ್ನೆ ಕೇಳಿದರು. ನಮ್ಮ ಹಡಗು ಫಿಲಡೆಲ್ಫಿಯಾ ಕಟ್ಟೆಗೆ ಬಂದೇ ಇಲ್ಲ ಎಂದರು ಅವರು. ಅದೇ ವರ್ಷದ ನವೆಂಬರಿನಲ್ಲಿ ಗ್ರೀಸಿನ ಪಿರೇಯಸ್‌ನ ಗುಜರಿ ಕಂಪನಿಯೊಂದು ಹಡಗನ್ನು ಕೊಂಡುಕೊಂಡಿತು.